ನೀರಿನೊಳಗಿನ ಎಮ್ಮೆಯ ವ್ಯಾಪಾರ

ಬೆಂಗಳೂರಿನ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಮೆಟ್ರೊ ಹಳದಿ ಮಾರ್ಗವು 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. 19.15 ಕಿಲೋಮೀಟರ್ ಉದ್ದದ, 16 ನಿಲ್ದಾಣಗಳ ಈ ಮಾರ್ಗಕ್ಕೆ ಅಂದು ಒದಗಿದ ರೈಲುಗಳು ಮೂರೇ ಮೂರು. ಒಂದು ರೈಲು ತಪ್ಪಿದವನು ಇನ್ನೊಂದಕ್ಕೆ ಇಪ್ಪತ್ತೈದು ನಿಮಿಷ ಕಾಯಬೇಕಾಗಿತ್ತು. ಕಂಬಗಳೆದ್ದು, ಹಳಿ ಕೂಡಿ, ನಿಲ್ದಾಣಗಳು ಸಿದ್ಧವಾದ ಮೇಲೂ ಜಯನಗರ, ಬಿ.ಟಿ.ಎಂ. ಬಡಾವಣೆ, ಬೊಮ್ಮನಹಳ್ಳಿಗಳ ದುಡಿಯುವ ಜನ ಆ ಹಳಿಗಳ ನೆರಳಿನಲ್ಲೇ ಬಸ್ಸಿಗೆ ನೇತುಬಿದ್ದು ಓಡಾಡಿದರು. ಕಾರಣ, ರೈಲು ಬರಬೇಕಾಗಿದ್ದುದು ಪರದೇಶದಿಂದ. ಚೀನಾದ ಸಿ.ಆರ್.ಆರ್.ಸಿ. ನಾನ್‌ಜಿಂಗ್ ಪುಜೆನ್ ಕಂಪನಿಗೆ 2019ರಲ್ಲಿ 216 ಬೋಗಿಗಳಿಗೆ 1,578 ಕೋಟಿ ರೂಪಾಯಿನ ಗುತ್ತಿಗೆ ಕೊಡಲಾಗಿತ್ತು. ಬಹುಪಾಲು ಬೋಗಿಗಳನ್ನು ಭಾರತದಲ್ಲೇ ಕಟ್ಟಬೇಕೆಂಬ ಷರತ್ತು ನೆರವೇರದೆ ಕಾಲ ಸರಿಯಿತು. ಕಡೆಗೆ ಬಂಗಾಳದ ಟಿಟಾಗಢ ಕಾರ್ಖಾನೆಯೊಡನೆ ಒಪ್ಪಂದವಾಯಿತು. ನಡುವೆ ಕೋವಿಡ್ ಬಂತು. 2020ರಲ್ಲಿ ಗಡಿಯಲ್ಲಿ ಘರ್ಷಣೆಯಾಯಿತು. ಚೀನೀ ಎಂಜಿನಿಯರುಗಳಿಗೆ ವೀಸಾ ದೊರೆಯುವುದೇ ದುಸ್ತರವಾಯಿತು. ಮೊದಲ ರೈಲು ಹೆಬ್ಬಗೋಡಿಯ ಡಿಪೋ ಮುಟ್ಟಿದ್ದು 2024ರ ಫೆಬ್ರುವರಿಯಲ್ಲಿ.

ಸರ್ಕಾರದ ನಿಗಮವೆಂದರೆ ಅದಕ್ಕೆ ವಕೀಲರಿದ್ದಾರೆ, ಎಂಜಿನಿಯರುಗಳಿದ್ದಾರೆ, ಬ್ಯಾಂಕಿನ ಖಾತರಿ ಪತ್ರಗಳಿವೆ, ದೆಹಲಿಯ ಮಂತ್ರಿಗಳ ಬಾಗಿಲು ತಟ್ಟುವ ಶಕ್ತಿಯಿದೆ. ಇಷ್ಟಿದ್ದೂ ಅದು ವರ್ಷಗಟ್ಟಲೆ ಕಾಯಬೇಕಾಯಿತು. ಹಾಗಾದರೆ ಜೆ.ಪಿ. ನಗರದ ಸಾರಕ್ಕಿ ಕೈಗಾರಿಕಾ ಬಡಾವಣೆಯಲ್ಲಿ ಎರಡು ಲೇತು, ಒಂದು ಡ್ರಿಲ್ಲಿಂಗ್ ಯಂತ್ರ ಇಟ್ಟುಕೊಂಡು ಆರು ಜನಕ್ಕೆ ಕೂಲಿ ಕೊಡುವ ಸಣ್ಣ ಮಾಲೀಕನ ಪಾಡೇನು? ಯಲಚೇನಹಳ್ಳಿಯಲ್ಲಿ ಷೆಡ್ಡು ಬಾಡಿಗೆಗೆ ಹಿಡಿದು ಲೇಸರ್ ಕಟಿಂಗ್ ಮಾಡಹೊರಟ ಯುವಕನ ಪಾಡೇನು? ಬೊಮ್ಮನಹಳ್ಳಿಯ ಓಣಿಯಲ್ಲಿ ಗಾರ್ಮೆಂಟ್ಸಿನವರಿಗೆ ಕಸೂತಿ ಹಾಕಿಕೊಡುವ ಸಣ್ಣ ಗುತ್ತಿಗೆದಾರನ ಪಾಡೇನು? ಈ ಪ್ರಶ್ನೆಗಳನ್ನು ನಾವು ಇಂದು ಎತ್ತಲು ಕಾರಣವಿದೆ. ಕೈಯಲ್ಲಿನ ಫೋನಿನಲ್ಲಿ ಚಿತ್ರ ನೋಡಿ, ಕಾಣದ ಊರಿನ ಕಾಣದ ವ್ಯಾಪಾರಿಗೆ ಮುಂಗಡ ಕಳಿಸಿ, ವರ್ಕ್‌ಶಾಪಿನ ಯಂತ್ರವನ್ನು ನೇರವಾಗಿ ಪರದೇಶದಿಂದ ತರಿಸುವ ಪದ್ಧತಿ ಇಂದು ಸಣ್ಣವರಲ್ಲೂ ಹರಡಿದೆ. ನಮ್ಮ ಜಿಲ್ಲೆಯಿಂದ ಬಸ್ಸು ಹತ್ತಿ ಹೋದ ಎಷ್ಟೋ ಹುಡುಗರು ಆ ಷೆಡ್ಡುಗಳಲ್ಲಿ ದುಡಿಯುತ್ತಿದ್ದಾರೆ. ಎಷ್ಟೋ ಜನ ಸಾಲ ಮಾಡಿ ಸ್ವಂತ ಷೆಡ್ಡು ಹಾಕಿದ್ದಾರೆ. ಅವರ ಲಾಭನಷ್ಟ ನಮ್ಮ ಊರಿನ ಮನೆಗಳ ಲಾಭನಷ್ಟವೇ ಆಗಿದೆ.

ನೀರಿನೊಳಗೆ ನಿಂತ ಎಮ್ಮೆಗೆ ಬೆಲೆ ಕಟ್ಟಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ನೀರಿನ ಮೇಲೆ ಕಾಣುವುದು ಕೊಂಬು ಮತ್ತು ಬೆನ್ನು ಮಾತ್ರ. ಕಾಲು ಕುಂಟೋ, ಕೆಚ್ಚಲು ಬತ್ತಿದೆಯೋ ತಿಳಿಯುವುದು ಅದು ದಡಕ್ಕೆ ಬಂದ ಮೇಲೆ. ಕೈಯಲ್ಲಿದ್ದ ದುಡ್ಡು ಅಷ್ಟರಲ್ಲಿ ಬೇರೆಯವನ ಜೇಬು ಸೇರಿರುತ್ತದೆ. ಎಂಟು ಸಾವಿರ ಕಿಲೋಮೀಟರ್ ದೂರದ ಗೋದಾಮಿನಲ್ಲಿ ನಿಂತಿರುವ ಯಂತ್ರವೂ ಅಂಥ ಎಮ್ಮೆಯೇ.

ಪರದೇಶದ ಯಂತ್ರವೆಂದರೆ ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ಹಾಗೆ ಹೇಳುವವನು ಇತಿಹಾಸ ಓದಿಲ್ಲ. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸ್ಥಾಪನೆಯಾದದ್ದು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಕಾರದಿಂದ. ಆದರೆ ಅಂದು ಬಂದದ್ದು ಬರೀ ಯಂತ್ರವಲ್ಲ. ನಕ್ಷೆ ಬಂತು, ಕಲಿಸುವವರು ಬಂದರು, ನಮ್ಮ ಹುಡುಗರು ಕಲಿತರು. ಹರಿಹರದಲ್ಲಿ 1941ರಲ್ಲೇ ಮೈಸೂರು ಕಿರ್ಲೋಸ್ಕರ್ ಲೇತುಗಳ ಕಾರ್ಖಾನೆ ಎದ್ದಿತ್ತು. 1962ರಲ್ಲಿ ತುಮಕೂರು ರಸ್ತೆಯಲ್ಲಿ ಕೇಂದ್ರ ಯಂತ್ರೋಪಕರಣ ಸಂಸ್ಥೆ, ಅಂದರೆ ಇಂದಿನ ಸಿ.ಎಂ.ಟಿ.ಐ., ಪ್ರಾರಂಭವಾಯಿತು. ಎಚ್.ಎಂ.ಟಿ.ಯ ಎಲ್.ಬಿ.-17, ಎಚ್-22 ಲೇತುಗಳನ್ನೂ ಕಿರ್ಲೋಸ್ಕರರ ಟರ್ನ್‌ಮಾಸ್ಟರ್ ಲೇತನ್ನೂ ತಿಳಿಯದ ಹಳೆಯ ಟರ್ನರು ಈ ರಾಜ್ಯದಲ್ಲಿಲ್ಲ. ಅವು ಕೆಟ್ಟರೆ ಗೇರಿನ ಹಲ್ಲು ಕೊರೆದು ಕೊಡುವವನು ಮುಂದಿನ ಬೀದಿಯಲ್ಲೇ ಸಿಗುತ್ತಿದ್ದ. ಯಂತ್ರದ ನಿಜವಾದ ಬೆಲೆ ಅದು ಕೆಟ್ಟ ದಿನ ಗೊತ್ತಾಗುತ್ತದೆ.

ಸಣ್ಣವನಿಗೆ ಯಂತ್ರ ಒದಗಿಸುವುದು ಸಮಾಜದ ಹೊಣೆ ಎಂಬ ಭಾವನೆಯೂ ಅಂದು ಇತ್ತು. 1955ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಣ್ಣ ಕೈಗಾರಿಕಾ ನಿಗಮವು ಸಣ್ಣ ಉದ್ದಿಮೆದಾರರಿಗೆ ಕಂತಿನ ಮೇಲೆ ಯಂತ್ರಗಳನ್ನು ಒದಗಿಸುವ ಕೆಲಸ ಮಾಡಿತು. ಪರದೇಶದಿಂದ ತರಿಸಬೇಕಾದಾಗ ಪರ್ಮಿಟ್ಟು, ಲೈಸೆನ್ಸುಗಳ ಕಾಟ ವಿಪರೀತವಾಗಿತ್ತೆಂಬುದು ನಿಜ. ಆ ಕಾಟದಲ್ಲಿ ಲಂಚಕೋರರು ಕೊಬ್ಬಿದರೆಂಬುದೂ ನಿಜ. 1991ರ ನಂತರ ಬಾಗಿಲು ತೆರೆಯಿತು. ಬಾಗಿಲು ತೆರೆದದ್ದು ಎಲ್ಲರಿಗೂ ಆದರೂ ಒಳಹೊಕ್ಕು ಕ್ಷೇಮವಾಗಿ ಹೊರಬರುವ ಶಕ್ತಿ ದೊಡ್ಡವರಿಗೆ ಮಾತ್ರ ಉಳಿಯಿತು. ಸಣ್ಣವನಿಗೆ ಸ್ವಾತಂತ್ರ್ಯ ಸಿಕ್ಕಿತು, ಆಸರೆ ಹೋಯಿತು.

ಈಗ ಲೆಕ್ಕಕ್ಕೆ ಬರೋಣ. ನೇರ ಖರೀದಿಯ ಮೋಹವೆಲ್ಲ ಇರುವುದು ಬೆಲೆಯಲ್ಲಿ ತಾನೆ? ಒಂದು ಉದಾಹರಣೆಯನ್ನು ಹಿಡಿಯೋಣ. ಪರದೇಶದ ವ್ಯಾಪಾರಿ ಒಂದು ಯಂತ್ರಕ್ಕೆ ತನ್ನ ಬಂದರಿನಲ್ಲಿ 6,00,000 ರೂಪಾಯಿ ಹೇಳಿದನೆನ್ನಿ. ಹಡಗು ಬಾಡಿಗೆ, ವಿಮೆ ಸೇರಿ 60,000 ಎಂದಿಟ್ಟುಕೊಂಡರೆ ಸುಂಕ ಹಾಕುವ ಬೆಲೆ 6,60,000. ಶೇಕಡಾ 7.5ರಂತೆ ಮೂಲ ಸುಂಕ 49,500. ಆ ಸುಂಕದ ಮೇಲೆ ಶೇಕಡಾ 10ರ ಸಮಾಜ ಕಲ್ಯಾಣ ಅಧಿಭಾರ 4,950. ಇಲ್ಲಿಗೆ 7,14,450. ಅದರ ಮೇಲೆ ಶೇಕಡಾ 18ರ ಐ.ಜಿ.ಎಸ್.ಟಿ. 1,28,601. ಒಟ್ಟು 8,43,051. ಬಂದರಿನ ಖರ್ಚು, ಕಸ್ಟಮ್ಸ್ ಏಜೆಂಟನ ಕೂಲಿ, ಚೆನ್ನೈಯಿಂದ ಲಾರಿ ಬಾಡಿಗೆ, ಷೆಡ್ಡಿನಲ್ಲಿ ಇಳಿಸುವ ಕ್ರೇನು ಎಲ್ಲ ಸೇರಿ 60,000 ಎಂದರೆ 9,03,051. ಆರು ಲಕ್ಷವೆಂದು ಕಂಡ ಯಂತ್ರ ನೆಲ ಮುಟ್ಟುವಾಗ ಒಂಬತ್ತು ಲಕ್ಷ ದಾಟಿತು.

ಐ.ಜಿ.ಎಸ್.ಟಿ. ಹಿಂದಿರುಗಿ ಬರುತ್ತದಲ್ಲ ಎನ್ನುವಿರಿ. ಕ್ರಮವಾದ ಜಿ.ಎಸ್.ಟಿ. ನೋಂದಣಿ ಇದ್ದವನಿಗೆ ಅದು ತೆರಿಗೆ ಜಮೆಯಾಗಿ ಸಿಗುತ್ತದೆ, ಒಪ್ಪೋಣ. ಆದರೆ ಮೊದಲು ಕೈಯಿಂದ ಕಟ್ಟಬೇಕು. ರಾಜಿ ತೆರಿಗೆ, ಅಂದರೆ ಕಾಂಪೊಸಿಷನ್ ಪದ್ಧತಿಯಲ್ಲಿರುವ ಸಣ್ಣ ವರ್ತಕನಿಗೆ ಆ ಜಮೆಯೂ ಇಲ್ಲ. ಕಟ್ಟಿದ್ದು ಕಟ್ಟಿದಂತೆಯೇ ಹೋಯಿತು. ಜಮೆ ಸಿಗುವವನ ಲೆಕ್ಕವನ್ನೇ ತೆಗೆದುಕೊಂಡರೂ ಯಂತ್ರದ ಖರ್ಚು 7,74,450 ಆಗುತ್ತದೆ. ಅಂಥದೇ ಯಂತ್ರವನ್ನು ಬೆಂಗಳೂರಿನ ಡೀಲರು ತೆರಿಗೆ ಬಿಟ್ಟು 8,00,000ಕ್ಕೆ, ತಾನೇ ತಂದು ಕೂರಿಸಿ, ಒಂದು ವರ್ಷದ ರಿಪೇರಿ ಹೊಣೆ ಹೊತ್ತು ಕೊಡುವುದಾದರೆ ಉಳಿತಾಯ ಎಷ್ಟು? 25,550 ರೂಪಾಯಿ. ಈ ಉಳಿತಾಯಕ್ಕಾಗಿ ಸಮುದ್ರದ ಅಪಾಯ, ಬಂದರಿನ ಅಪಾಯ, ಮೋಸದ ಅಪಾಯ, ರಿಪೇರಿಯ ಅಪಾಯ ಎಲ್ಲವನ್ನೂ ನಮ್ಮ ಹೆಗಲಿಗೆ ಏರಿಸಿಕೊಂಡಂತಾಯಿತು. ಒಂಬತ್ತು ಲಕ್ಷವನ್ನು ಶೇಕಡಾ 12ರ ಬಡ್ಡಿಗೆ ತಂದಿದ್ದರೆ ತಿಂಗಳ ಬಡ್ಡಿಯೇ 9,000 ಮೇಲೆ. ಯಂತ್ರ ಮೂರು ತಿಂಗಳು ಓಡದೆ ಕುಳಿತರೆ ಉಳಿತಾಯವೆಲ್ಲ ಬಡ್ಡಿಗೆ ಹೋಗಿ, ಇನ್ನೂ ಒಂದೂವರೆ ಸಾವಿರ ಮೈಮೇಲೆ ಬೀಳುತ್ತದೆ. ಅಂಕಿಗಳು ಯಂತ್ರದಿಂದ ಯಂತ್ರಕ್ಕೆ ಬದಲಾಗಬಹುದು. ಸುಂಕದ ದರವೂ ಎಲ್ಲ ಯಂತ್ರಗಳಿಗೆ ಒಂದೇ ಅಲ್ಲ. ಮುಂಗಡ ಕಳಿಸುವ ಮೊದಲು ಪ್ರತಿಯೊಬ್ಬನೂ ತನ್ನ ಯಂತ್ರಕ್ಕೆ ಇದೇ ರೀತಿ ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕತಕ್ಕದ್ದು.

ರೂಪಾಯಿನ ಬೆಲೆಯನ್ನೂ ಮರೆಯಕೂಡದು. 2022ರ ಜುಲೈನಲ್ಲಿ ಡಾಲರಿಗೆ 80 ಮುಟ್ಟಿದ ನಮ್ಮ ರೂಪಾಯಿ 2025ರ ಡಿಸೆಂಬರಿನಲ್ಲಿ 90 ದಾಟಿತು. ಹತ್ತು ಸಾವಿರ ಡಾಲರಿನ ಯಂತ್ರಕ್ಕೆ ಮೂರು ಸಾವಿರ ಡಾಲರ್ ಮುಂಗಡ ಕೊಟ್ಟು, ಉಳಿದ ಏಳು ಸಾವಿರ ಕಟ್ಟುವ ಹೊತ್ತಿಗೆ ಡಾಲರಿನ ಬೆಲೆ ಐದು ರೂಪಾಯಿ ಏರಿದರೆ 35,000 ರೂಪಾಯಿ ಹೆಚ್ಚಿಗೆ ತೆರಬೇಕು. ಇದರಲ್ಲಿ ವ್ಯಾಪಾರಿಯದೂ ತಪ್ಪಿಲ್ಲ, ಕೊಂಡವನದೂ ತಪ್ಪಿಲ್ಲ. ಆದರೆ ತೆರುವವನು ಕೊಂಡವನೇ.

ಇನ್ನು ಹಣ ಕಳಿಸುವ ಅಪಾಯ. ಶೇಕಡಾ 30 ಮುಂಗಡ, ಉಳಿದ 70 ಹಡಗು ಹತ್ತಿಸುವ ಮೊದಲು, ಇದು ಬಹಳ ವ್ಯಾಪಾರಿಗಳು ಕೇಳುವ ಷರತ್ತು. ಅಂದರೆ ಯಂತ್ರ ನಮ್ಮ ಕಣ್ಣಿಗೆ ಬೀಳುವ ಮೊದಲೇ ನೂರಕ್ಕೆ ನೂರು ಹಣ ಕೈಬಿಟ್ಟಿರುತ್ತದೆ. ಮಿಂಚಂಚೆಯ ನಡುವೆ ನುಸುಳಿ, ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹೊಸ ಖಾತೆಗೆ ಕಳಿಸಿ’ ಎಂದು ವ್ಯಾಪಾರಿಯ ಹೆಸರಿನಲ್ಲೇ ಬರೆದು ಹಣ ಲಪಟಾಯಿಸುವ ಕಳ್ಳರೂ ಇದ್ದಾರೆ. ಹಾಗೆ ಹೋದ ಹಣದ ಕಷ್ಟ ಅಲ್ಲಿಗೇ ಮುಗಿಯುವುದಿಲ್ಲ. ಪರದೇಶಕ್ಕೆ ಕಳಿಸಿದ ಹಣಕ್ಕೆ ಸರಕು ಬಂತೆಂದು ಬ್ಯಾಂಕಿಗೆ ಕಸ್ಟಮ್ಸಿನ ಬಿಲ್ ಆಫ್ ಎಂಟ್ರಿ ತೋರಿಸಬೇಕು. ಸರಕೇ ಬರದಿದ್ದರೆ ತೋರಿಸುವುದೇನನ್ನು? ಹಣ ಕಳೆದುಕೊಂಡವನೇ ಬ್ಯಾಂಕಿನ ಮುಂದೆ ಆರೋಪಿಯಂತೆ ನಿಂತು ಸಮಜಾಯಿಷಿ ಹೇಳಬೇಕಾಗುತ್ತದೆ.

ಲೆಟರ್ ಆಫ್ ಕ್ರೆಡಿಟ್ ಮಾಡಿಸಿದರೆ ಕ್ಷೇಮವಲ್ಲವೇ ಎಂದು ಕೆಲವರು ಕೇಳುತ್ತಾರೆ. ಬರೀ ಮುಂಗಡಕ್ಕಿಂತ ಅದು ಎಷ್ಟೋ ಮೇಲು. ಆದರೆ ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ಬ್ಯಾಂಕು ನೋಡುವುದು ಕಾಗದಗಳನ್ನು, ಪೆಟ್ಟಿಗೆಯೊಳಗಿನ ಯಂತ್ರವನ್ನಲ್ಲ. ಕಾಗದಗಳು ಷರತ್ತಿಗೆ ಸರಿಯಾಗಿದ್ದರೆ ಪೆಟ್ಟಿಗೆಯಲ್ಲಿ ತುಕ್ಕು ಹಿಡಿದ ಕಬ್ಬಿಣವಿದ್ದರೂ ಬ್ಯಾಂಕು ಹಣ ಕೊಟ್ಟೇ ತೀರುತ್ತದೆ. ಆದ್ದರಿಂದ ಮೂರನೆಯವರು ಯಂತ್ರವನ್ನು ಓಡಿಸಿ ನೋಡಿ ಕೊಟ್ಟ ತಪಾಸಣಾ ಪತ್ರವೂ ಆ ಕಾಗದಗಳಲ್ಲಿ ಒಂದಾಗಿರಬೇಕೆಂದು ಮೊದಲೇ ಬರೆಸಬೇಕು. ಆ ಒಂದು ಸಾಲು ಇಲ್ಲದ ಲೆಟರ್ ಆಫ್ ಕ್ರೆಡಿಟ್ ಬಾಗಿಲಿಲ್ಲದ ಮನೆಗೆ ಹಾಕಿದ ಬೀಗ.

ಸಾಗಣೆಯ ವಿಮೆಯ ವಿಷಯದಲ್ಲೂ ಇಂಥದೇ ಭ್ರಮೆಯಿದೆ. ಸಿ.ಐ.ಎಫ್. ಎಂದು ಬಿಲ್ಲಿನಲ್ಲಿದ್ದರೆ ಚೆನ್ನೈ ಬಂದರಿನವರೆಗಿನ ಹೊಣೆಯೆಲ್ಲ ಮಾರುವವನದೆಂದು ಜನ ತಿಳಿಯುತ್ತಾರೆ. ಬಾಡಿಗೆ, ವಿಮೆ ಕಟ್ಟುವುದು ಅವನು. ಆದರೆ ಸರಕು ಅವನ ದೇಶದಲ್ಲಿ ಹಡಗು ಹತ್ತಿದ ಕ್ಷಣವೇ ನಷ್ಟದ ಹೊಣೆ ನಮ್ಮದಾಗುತ್ತದೆ. ಬೇರೆ ಮಾತು ಆಡಿಕೊಳ್ಳದಿದ್ದರೆ ಅವನು ಮಾಡಿಸಬೇಕಾದ ವಿಮೆಯೂ ಕನಿಷ್ಠ ವಿಮೆ ಮಾತ್ರ. ಹಡಗು ಮುಳುಗಿದರೆ, ಬೆಂಕಿ ಬಿದ್ದರೆ ಅದು ಒದಗುತ್ತದೆ. ಕಳವಿಗೆ, ಮಳೆನೀರು ನುಗ್ಗಿ ಪ್ಯಾನೆಲ್ ಬೋರ್ಡು ಕೆಟ್ಟುದಕ್ಕೆ ಒದಗುವುದಿಲ್ಲ.

ಬಂದರಿಗೆ ಬಂದ ಮೇಲಾದರೂ ನಿಟ್ಟುಸಿರೇ? ಆಮದು ರಫ್ತು ಸಂಕೇತ ಸಂಖ್ಯೆ ಪಡೆಯದೆ ಸರಕು ತರಿಸುವಂತಿಲ್ಲ. ಬಿಲ್ ಆಫ್ ಎಂಟ್ರಿ ಸಲ್ಲಿಸುವುದು ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000, ಅನಂತರ ದಿನಕ್ಕೆ 10,000 ರೂಪಾಯಿ ದಂಡ. ಇದರ ಜೊತೆಗೆ ಕಂಟೇನರು ಹಿಡಿದಿಟ್ಟುದಕ್ಕೆ ಹಡಗಿನವರ ಬಾಡಿಗೆ, ಜಾಗಕ್ಕೆ ಗೋದಾಮಿನವರ ಬಾಡಿಗೆ. ಮೂವತ್ತು ದಿನದಲ್ಲಿ ಬಿಡಿಸಿಕೊಳ್ಳದ ಸರಕನ್ನು ಹರಾಜು ಹಾಕಲು 1962ರ ಕಸ್ಟಮ್ಸ್ ಕಾಯಿದೆಯ 48ನೆಯ ಕಲಮಿನಲ್ಲಿ ಅವಕಾಶವಿದೆ. ಯಂತ್ರದ ಮರದ ಪೆಟ್ಟಿಗೆಗೆ ಹುಳ ಸಾಯಿಸುವ ಸಂಸ್ಕಾರ ಮಾಡಿದ ಅಂತರರಾಷ್ಟ್ರೀಯ ಮುದ್ರೆ ಇಲ್ಲದಿದ್ದರೆ ಅದಕ್ಕೂ ತಡೆಯುಂಟು. ಹಳೆಯ ಯಂತ್ರವಾದರೆ ಅದರ ವಯಸ್ಸು, ಬೆಲೆಗಳ ಬಗ್ಗೆ ಎಂಜಿನಿಯರರ ತಪಾಸಣಾ ವರದಿ ಬೇಕು. ಇದಾವುದೂ ಮಾರುವವನ ಜಾಹೀರಾತಿನಲ್ಲಿ ಕಾಣುವುದಿಲ್ಲ.

ಸರ್ಕಾರದ ಆಜ್ಞೆಗಳೂ ಒಂದೇ ಕಡೆ ನಿಲ್ಲುವುದಿಲ್ಲ. ಯಂತ್ರಗಳ ಸುರಕ್ಷತೆಯ ಬಗ್ಗೆ ಭಾರೀ ಕೈಗಾರಿಕೆಗಳ ಮಂತ್ರಾಲಯವು 2024ರ ಆಗಸ್ಟಿನಲ್ಲಿ ಒಂದು ಆಜ್ಞೆ ಹೊರಡಿಸಿತು. ಲೋಹ ಕತ್ತರಿಸುವ ಯಂತ್ರಗಳು, ಮಗ್ಗಗಳು ಮುಂತಾದವಕ್ಕೆ ಭಾರತೀಯ ಮಾನಕ ಬ್ಯೂರೋದ ಪ್ರಮಾಣ ಬೇಕೆಂಬುದು ಅದರ ಸಾರ. ಒಂದು ವರ್ಷದಲ್ಲಿ ಜಾರಿಗೆ ಬರಬೇಕಾಗಿದ್ದ ಅದನ್ನು 2025ರಲ್ಲಿ ತಿದ್ದಿ, 2026ರ ಸೆಪ್ಟೆಂಬರ್ 1ಕ್ಕೆ ಮುಂದೂಡಲಾಯಿತು. ದೊಡ್ಡ ಕಂಪನಿಗೆ ಇದನ್ನು ನೋಡಿಕೊಳ್ಳಲು ಆಳುಗಳಿದ್ದಾರೆ. ಹಗಲಿಡೀ ಲೇತಿನ ಮುಂದೆ ನಿಲ್ಲುವ ಸಣ್ಣ ಮಾಲೀಕ ದೆಹಲಿಯ ಗೆಜೆಟ್ಟು ಓದುತ್ತ ಕೂರುವನೇ? ಆದರೂ ಹಣ ಕಟ್ಟುವ ದಿನ ಯಾವ ಆಜ್ಞೆ ಜಾರಿಯಲ್ಲಿದೆ, ಯಂತ್ರ ಬಂದಿಳಿಯುವ ದಿನ ಯಾವುದು ಜಾರಿಯಲ್ಲಿರುತ್ತದೆ ಎಂಬ ಎರಡನ್ನೂ ವಿಚಾರಿಸದೆ ಮುಂದುವರಿಯುವುದು ಅಪಾಯ.

ದೇಶದೇಶಗಳ ಜಗಳವೂ ಕಡೆಗೆ ಬಂದು ಬಡಿಯುವುದು ಸಣ್ಣವನ ಷೆಡ್ಡಿಗೇ. 2020ರ ಜೂನಿನ ಗಲ್ವಾನ್ ಘರ್ಷಣೆಯ ಬೆನ್ನಲ್ಲೇ ಚೀನಾದಿಂದ ಬಂದ ಸರಕುಗಳನ್ನು ಚೆನ್ನೈ ಮುಂತಾದ ಬಂದರುಗಳಲ್ಲಿ ತಪಾಸಣೆಗೆಂದು ತಡೆಹಿಡಿಯಲಾಯಿತು. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳಾದಾಗ ಯೂರೋಪಿನ ಸರಕು ಆಫ್ರಿಕದ ಗುಡ್ ಹೋಪ್ ಭೂಶಿರವನ್ನು ಸುತ್ತಿ ಬರಬೇಕಾಯಿತು. ದಿನಗಳೂ ಹೆಚ್ಚಿದವು, ಬಾಡಿಗೆಯೂ ಹೆಚ್ಚಿತು. ಯಂತ್ರ ಬಂದಿಳಿದರೂ ಅದನ್ನು ಕೂರಿಸುವ ಮೆಕ್ಯಾನಿಕ್ಕಿಗೆ ವೀಸಾ ಸಿಗದೆ ಪೆಟ್ಟಿಗೆ ತೆರೆಯದೆ ಕುಳಿತದ್ದುಂಟು. ಮೆಟ್ರೊದ ಕಥೆಯಲ್ಲಿ ನಾವು ಕಂಡದ್ದು ಇದರ ದೊಡ್ಡ ರೂಪವನ್ನು.

ಇಷ್ಟೆಲ್ಲ ದಾಟಿ ಯಂತ್ರ ಷೆಡ್ಡಿಗೆ ಬಂತೆನ್ನೋಣ. ಇಲ್ಲಿನ ಕರೆಂಟು ಮೂರು ಫೇಸಿನಲ್ಲಿ ಸುಮಾರು 415 ವೋಲ್ಟು, 50 ಸೈಕಲ್. ಚೀನಾದಲ್ಲಿ 380 ವೋಲ್ಟು, 50 ಸೈಕಲ್. ತೈವಾನಿನಲ್ಲೂ ಅಮೆರಿಕದಲ್ಲೂ 60 ಸೈಕಲ್. 60 ಸೈಕಲಿಗೆ ಸುತ್ತಿದ ಮೋಟಾರನ್ನು ನಮ್ಮ 50 ಸೈಕಲಿಗೆ ಕೊಟ್ಟರೆ ನಿಮಿಷಕ್ಕೆ 1,800 ಸುತ್ತು ಬರಬೇಕಾದ ಕಡೆ 1,500 ಬರುತ್ತದೆ; ವೋಲ್ಟೇಜು ಇಳಿಸದೆ ಹೋದರೆ ಕಾದು ಸುಟ್ಟೂಹೋಗಬಹುದು. ಯಂತ್ರದ ಗುಂಡಿಗಳ ಮೇಲೆ ಚೀನೀ ಅಕ್ಷರ, ಕೈಪಿಡಿಯಲ್ಲಿ ಅರ್ಥವಾಗದ ಇಂಗ್ಲಿಷು. ನಿಯಂತ್ರಣ ಪೆಟ್ಟಿಗೆಗೆ ಗಡುವಿನ ಬೀಗ ಹಾಕಿ, ಗುಪ್ತಪದ ಕೊಡದೆ ಯಂತ್ರ ನಿಲ್ಲಿಸುವ ಪದ್ಧತಿಯೂ ಉಂಟು. ಒಂದು ಸಣ್ಣ ಕಾರ್ಡು ಕೆಟ್ಟರೆ ಎಸ್.ಪಿ. ರಸ್ತೆಯ ಅಂಗಡಿಗಳನ್ನೆಲ್ಲ ಅಲೆದರೂ ಅದೇ ಕಾರ್ಡು ಸಿಗುವ ಭರವಸೆಯಿಲ್ಲ.

ನ್ಯಾಯ ಕೇಳುವುದೆಲ್ಲಿ? ಬಿಲ್ಲಿನ ಹಿಂದುಗಡೆ ಸಣ್ಣ ಅಕ್ಷರದಲ್ಲಿ, ತಕರಾರು ಬಂದರೆ ಮಾರುವವನ ದೇಶದಲ್ಲೇ ಪಂಚಾಯಿತಿ ಎಂದು ಅಚ್ಚಾಗಿರುತ್ತದೆ. ಏಳೆಂಟು ಲಕ್ಷದ ವ್ಯಾಜ್ಯಕ್ಕೆ ಬೀಜಿಂಗಿಗೋ ಸಿಂಗಪುರಕ್ಕೋ ಹೋಗಿಬರುವ ಸಾಮರ್ಥ್ಯ ಬನಶಂಕರಿಯ ವರ್ಕ್‌ಶಾಪಿನವನಿಗೆ ಇದೆಯೇ? ವ್ಯಾಪಾರಕ್ಕೆಂದು ಕೊಂಡ ವಸ್ತುವಿಗೆ 2019ರ ಗ್ರಾಹಕ ರಕ್ಷಣಾ ಕಾಯಿದೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ಯಂತ್ರವಾದರೆ ಅನ್ವಯಿಸುತ್ತದೆ. ಆದರೆ ಈ ದೇಶದಲ್ಲಿ ಒಂದು ಕಚೇರಿಯೂ ಇಲ್ಲದ ವ್ಯಾಪಾರಿಯಿಂದ ಹಣ ವಸೂಲು ಮಾಡುವುದು ಬೇರೆಯೇ ಮಾತು. ಬೆಂಗಳೂರಿನ ಡೀಲರು ಮೋಸ ಮಾಡಿದರೆ ಅವನ ಅಂಗಡಿ ಮುಂದೆ ಹೋಗಿ ಕೂರಬಹುದು. ಸಮುದ್ರದಾಚೆಯವನ ಅಂಗಡಿ ಯಾವ ಬೀದಿಯಲ್ಲಿದೆಯೆಂದು ಯಾರಿಗೆ ಗೊತ್ತು?

ಒಂದು ಆಮಿಷದ ಬಗ್ಗೆ ಪ್ರತ್ಯೇಕವಾಗಿ ಎಚ್ಚರಿಸಬೇಕು. ‘ಬಿಲ್ಲಿನಲ್ಲಿ ಬೆಲೆ ಕಡಿಮೆ ಬರೆಯುತ್ತೇವೆ, ಸುಂಕ ಉಳಿಯುತ್ತದೆ’ ಎಂದು ಕೆಲವು ವ್ಯಾಪಾರಿಗಳು ಉಪಕಾರ ಮಾಡುವವರಂತೆ ಹೇಳುತ್ತಾರೆ. ಇದು ಉಪಕಾರವಲ್ಲ, ಕುಣಿಕೆ. ಸಿಕ್ಕಿಬಿದ್ದರೆ ಸರಕು ಮುಟ್ಟುಗೋಲು, ಮೇಲೆ ದಂಡ. ಮಾರಿದವನಿಗೆ ಕೂದಲೂ ಕೊಂಕುವುದಿಲ್ಲ. ಸಿಕ್ಕಿಬೀಳದಿದ್ದರೂ ಯಂತ್ರ ದಾರಿಯಲ್ಲಿ ಹಾಳಾದರೆ ವಿಮೆ ಸಿಗುವುದು ಬಿಲ್ಲಿನ ಸುಳ್ಳು ಬೆಲೆಗೆ ತಕ್ಕಂತೆ. ಸುಳ್ಳು ಕಾಗದ ಹಿಡಿದವನು ಯಾವ ಕಟ್ಟೆಯಲ್ಲೂ ನ್ಯಾಯ ಕೇಳಲಾರ. ಮಾರುವವನಿಗೆ ಇದು ಚೆನ್ನಾಗಿ ಗೊತ್ತು.

ಕಾರ್ಮಿಕ ಬಂಧುಗಳು ಇದನ್ನು ಓದಿ, ‘ಇದು ಮಾಲೀಕರ ತಲೆನೋವು, ನಮಗೇನು?’ ಎನ್ನಬಾರದು. ಯಂತ್ರ ನಿಂತ ದಿನ ಮೊದಲು ನಿಲ್ಲುವುದು ಕೂಲಿ. ಸಾಲದ ಕಂತು ಕಟ್ಟಲಾಗದ ಮಾಲೀಕ ಬ್ಯಾಂಕಿಗೆ ಕೈಮುಗಿಯುತ್ತಾನೆ, ಕೆಲಸಗಾರನಿಗೆ ‘ಮುಂದಿನ ವಾರ ನೋಡೋಣ’ ಎನ್ನುತ್ತಾನೆ. ಅದಕ್ಕಿಂತ ದೊಡ್ಡ ಮಾತೊಂದಿದೆ, ಅದು ಕೈಬೆರಳಿನದು. ತಿರುಗುವ ಭಾಗಕ್ಕೆ ಬೇಲಿಯಿಲ್ಲದ, ಬಾಗಿಲು ತೆರೆದರೂ ನಿಲ್ಲದ, ಕೆಂಪು ಗುಂಡಿ ಒತ್ತಿದರೆ ತಕ್ಷಣ ಆರದ ಯಂತ್ರ ಅಗ್ಗಕ್ಕೆ ಸಿಗುವುದು ಸಹಜ. ಬೇಲಿಗೂ ಗುಂಡಿಗೂ ಖರ್ಚಿದೆ. ಆ ಉಳಿತಾಯದ ಬೆಲೆಯನ್ನು ತೆರುವವನು ಯಂತ್ರದ ಮುಂದೆ ನಿಂತವನು. ಯಂತ್ರಕ್ಕೆ ಬೇಲಿ ಹಾಕಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯ 21ನೆಯ ಕಲಮು ವಿಧಿಸಿತ್ತು. 2025ರ ನವೆಂಬರ್ 21ರಿಂದ ಅದರ ಸ್ಥಾನದಲ್ಲಿ ಹೊಸ ಸಂಹಿತೆ ಬಂದಿದೆ. ವಿದ್ಯುತ್ ಬಳಸುವ ಕಡೆ ಹತ್ತು ಜನರಿದ್ದರೆ ಕಾರ್ಖಾನೆ ಎನ್ನುತ್ತಿದ್ದ ಮಿತಿಯನ್ನು ಅದರಲ್ಲಿ ಇಪ್ಪತ್ತಕ್ಕೆ ಏರಿಸಲಾಗಿದೆ. ಹತ್ತು ಹನ್ನೆರಡು ಜನ ದುಡಿಯುವ ಷೆಡ್ಡು ಹೀಗೆ ಕಾರ್ಖಾನೆಯ ಲೆಕ್ಕದಿಂದಲೇ ಹೊರಗೆ ಬಿತ್ತು. ಹಾಗೆ ಹೊರಬಿದ್ದ ಮೇಲೆ ಯಂತ್ರವೇ ಸುರಕ್ಷಿತವಾಗಿರಬೇಕು. ಆದ್ದರಿಂದ ಷೆಡ್ಡಿಗೆ ಹೊಸ ಯಂತ್ರ ಬರುವಾಗ ಬೇಲಿ, ನಿಲುಗಡೆ ಗುಂಡಿ, ಅರ್ಥಿಂಗು ಇವನ್ನು ಕೇಳಿ ನೋಡುವ ಹಕ್ಕು ಕೆಲಸಗಾರನಿಗೆ ಇರತಕ್ಕದ್ದು; ಕೇಳಿದವನನ್ನು ಗದರಿಸುವ ಮಾಲೀಕ ತನ್ನ ಹಿತವನ್ನೇ ಅರಿಯದವನು.

‘ಹಾಗಾದರೆ ಡೀಲರನ ಜೇಬು ತುಂಬಿಸಬೇಕೆ?’ ಎಂದು ಸಣ್ಣ ವರ್ತಕರು ಕೇಳುವುದು ನ್ಯಾಯವಾಗಿಯೇ ಇದೆ. ಅದೇ ಪರದೇಶದ ಯಂತ್ರವನ್ನು ತರಿಸಿ, ತನ್ನ ಹೆಸರಿನ ತಗಡು ಹೊಡೆದು, ಎರಡರಷ್ಟು ಬೆಲೆ ಹೇಳಿ, ಕೆಟ್ಟಾಗ ಫೋನೇ ಎತ್ತದ ಡೀಲರುಗಳೂ ಇದ್ದಾರೆ. ಅಂಥವರ ಲಾಭವನ್ನು ನಾವು ಸಮರ್ಥಿಸುವುದಿಲ್ಲ. ಡೀಲರನ ಲಾಭಕ್ಕೆ ನ್ಯಾಯವಿರುವುದು ಅವನು ಅಪಾಯ ಹೊತ್ತಾಗ, ಬಿಡಿಭಾಗ ದಾಸ್ತಾನಿಟ್ಟಾಗ, ಮೆಕ್ಯಾನಿಕ್ಕನ್ನು ಕಳಿಸಿದಾಗ ಮಾತ್ರ. ಅವನನ್ನು ಕೇಳಬೇಕಾದ್ದು ಬೆಲೆಯೊಂದನ್ನೇ ಅಲ್ಲ. ಬಿಡಿಭಾಗ ಎಲ್ಲಿದೆ, ಮೆಕ್ಯಾನಿಕ್ಕು ಎಷ್ಟು ದಿನದಲ್ಲಿ ಬರುತ್ತಾನೆ, ಈ ಯಂತ್ರ ಕೊಂಡ ಇನ್ನಿಬ್ಬರ ಷೆಡ್ಡು ತೋರಿಸುವಿರಾ ಎಂದು ಕೇಳಬೇಕು. ಮೂರಕ್ಕೂ ಉತ್ತರವಿಲ್ಲದವನು ಡೀಲರನಲ್ಲ, ದಲ್ಲಾಳಿ.

ಇಲ್ಲಿ ಸಿಗದ ಯಂತ್ರವನ್ನು ತರಿಸಲೇಬೇಕಾದ ಸಂದರ್ಭವೂ ಬರುತ್ತದೆ. ಆಗ ಒಬ್ಬೊಬ್ಬನೇ ಹೋಗಬಾರದೆಂಬುದೇ ನಮ್ಮ ಸಲಹೆ. ಒಂದೇ ಕಸುಬಿನ ನಾಲ್ಕೈದು ಷೆಡ್ಡಿನವರು ಕೂಡಿ ಒಂದೇ ಬಗೆಯ ಯಂತ್ರಗಳನ್ನು ತರಿಸಿದರೆ ಒಂದೇ ಕಂಟೇನರು ಸಾಕು, ಒಬ್ಬನೇ ಕಸ್ಟಮ್ಸ್ ಏಜೆಂಟು ಸಾಕು. ತಪಾಸಣೆಗೆ ಕಳಿಸುವ ಮನುಷ್ಯನ ಖರ್ಚು ಹಂಚಿಹೋಗುತ್ತದೆ. ಒಂದು ಜೊತೆ ಬಿಡಿಭಾಗ ಎಲ್ಲರಿಗೂ ಒದಗುತ್ತದೆ. ಒಬ್ಬನಿಗೆ ಬಗ್ಗದ ಮಾರಾಟಗಾರ ಐವರಿಗೆ ಬಗ್ಗುತ್ತಾನೆ. ಶೇಕಡಾ 10 ಹಣವನ್ನು ಯಂತ್ರ ಇಲ್ಲಿ ಓಡಿದ ಮೇಲೆ ಕೊಡುತ್ತೇವೆನ್ನುವ ಧೈರ್ಯ ಐವರಿಗೆ ಬರುತ್ತದೆ. ಕರೆಂಟಿನ ವೋಲ್ಟು, ಸೈಕಲ್, ನಿಯಂತ್ರಣದ ಗುಪ್ತಪದ, ಬೇಲಿ, ನಿಲುಗಡೆ ಗುಂಡಿ ಎಲ್ಲವೂ ಕರಾರಿನಲ್ಲಿ ಅಕ್ಷರಶಃ ಬರಬೇಕು. ಬ್ಯಾಂಕ್ ಖಾತೆ ಬದಲಾಯಿತೆಂದು ಪತ್ರ ಬಂದರೆ, ಮೊದಲೇ ಗೊತ್ತಿದ್ದ ನಂಬರಿಗೆ ಫೋನು ಮಾಡಿ ಮನುಷ್ಯನ ಬಾಯಿಂದ ಕೇಳದೆ ಒಂದು ಕಾಸೂ ಕಳಿಸಕೂಡದು. ಹಣ ಹೋಯಿತೆಂದು ತಿಳಿದ ಗಳಿಗೆಯಲ್ಲೇ 1930 ಸಂಖ್ಯೆಗೂ ಬ್ಯಾಂಕಿಗೂ ತಿಳಿಸಬೇಕು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ.

ಜನರಿಗೆ ಬುದ್ಧಿ ಹೇಳಿದರೆ ಸಾಲದು, ಸರ್ಕಾರಕ್ಕೂ ಹೇಳಬೇಕಾದದ್ದಿದೆ. ಕಂತಿನ ಮೇಲೆ ಯಂತ್ರ ಒದಗಿಸುವ ಕೆಲಸವನ್ನು ರಾಷ್ಟ್ರೀಯ ಸಣ್ಣ ಕೈಗಾರಿಕಾ ನಿಗಮವು 1955ರ ಉತ್ಸಾಹದಿಂದ ಮತ್ತೆ ಕೈಗೆತ್ತಿಕೊಳ್ಳಲಿ. ರಾಜ್ಯ ಹಣಕಾಸು ಸಂಸ್ಥೆಯೂ ಬ್ಯಾಂಕುಗಳೂ ಯಂತ್ರದ ಸಾಲ ಮಂಜೂರು ಮಾಡುವಾಗ ಜಾಮೀನಿನ ಕಾಗದ ನೋಡುವಷ್ಟೇ ಶ್ರದ್ಧೆಯಿಂದ ಯಂತ್ರದ ಕರಾರನ್ನೂ ನೋಡಲಿ. ಸಾರಕ್ಕಿ, ಬೊಮ್ಮಸಂದ್ರ, ಪೀಣ್ಯಗಳಂಥ ಕಡೆ ವಾರಕ್ಕೊಂದು ದಿನವಾದರೂ ಕಸ್ಟಮ್ಸ್ ಬಲ್ಲ ಒಬ್ಬ ಅಧಿಕಾರಿ ಕುಳಿತು, ಸಣ್ಣವರ ಕಾಗದ ಓದಿ ಕನ್ನಡದಲ್ಲಿ ಸಲಹೆ ಹೇಳಲಿ. ನಮ್ಮ ತೆರಿಗೆಯ ಹಣದಿಂದ ನಡೆಯುವ ಸಿ.ಎಂ.ಟಿ.ಐ.ನ ಪರೀಕ್ಷಾಶಾಲೆಯ ಬಾಗಿಲು ಎರಡು ಲೇತಿನ ಮಾಲೀಕನಿಗೂ ಸುಲಭ ದರದಲ್ಲಿ ತೆರೆಯಲಿ. ಎಲ್ಲಕ್ಕಿಂತ ಮಿಗಿಲಾಗಿ, ಸಣ್ಣವರಿಗೆ ಬೇಕಾದ ಸಾದಾ ಯಂತ್ರಗಳನ್ನು ಇಲ್ಲೇ, ಕೈಗೆಟಕುವ ಬೆಲೆಗೆ ತಯಾರಿಸುವ ಯೋಚನೆ ಮತ್ತೆ ಹುಟ್ಟಲಿ. ಲೇತು ಮಾಡಿ ದೇಶಕ್ಕೆ ಕೊಟ್ಟ ಊರಿನ ಮಕ್ಕಳು ಲೇತಿಗಾಗಿ ಚೆನ್ನೈ ಬಂದರಿನ ದಾರಿ ಕಾಯಬೇಕಾಗಿ ಬಂದದ್ದು ಯಾರಿಗೂ ಶೋಭೆ ತರುವ ಮಾತಲ್ಲ.

ಅಲ್ಲಿಯವರೆಗೆ ನಮ್ಮ ಜನ ತಮ್ಮ ಹಣಕ್ಕೆ ತಾವೇ ಕಾವಲುಗಾರರಾಗಬೇಕು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ; ಫೋನಿನ ಚಿತ್ರದ ಯಂತ್ರ ಇನ್ನೂ ನುಣ್ಣಗೆ. ಮುಂಗಡ ಕಳಿಸುವ ಮೊದಲು ಲೆಕ್ಕ ಬರೆಯಿರಿ, ಅದನ್ನು ಪಕ್ಕದ ಷೆಡ್ಡಿನವನಿಗೆ ತೋರಿಸಿ, ಯಂತ್ರ ಓಡಿಸುವ ಕೆಲಸಗಾರನನ್ನು ಕೂರಿಸಿಕೊಂಡು ಅವನ ಮಾತನ್ನೂ ಕೇಳಿ. ಎಮ್ಮೆ ದಡಕ್ಕೆ ಬರಲಿ; ನಡೆಸಿ ನೋಡಿದ ಮೇಲೆ ಹಗ್ಗ ಹಿಡಿಯೋಣ.